ಸಿಗಡಿ ನಿಮ್ಮ ಗಾಜಿನ ತೊಟ್ಟಿಯ ಕೂಲಿಯಾಳಲ್ಲ

ಪುಟ್ಟ ಅಕ್ವೇರಿಯಂ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ತೊಟ್ಟಿ ಚಿಕ್ಕದಾದಷ್ಟೂ ಸಾಕುವುದು ಸುಲಭವಂತೆ. ಅದರಲ್ಲಿ ಒಂದು ಫೈಟರ್ ಮೀನೋ ಎರಡು ಗೋಲ್ಡ್‌ಫಿಶ್ಶೋ ಇದ್ದರೆ ಸಾಕಂತೆ. ಗಾಜಿಗೆ ಪಾಚಿ ಹತ್ತಿದರೆ ನಾಲ್ಕು ಸಿಗಡಿ, ಎರಡು ಬಸವನಹುಳು ತಂದು ಬಿಟ್ಟರಾಯಿತು, ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವಂತೆ. ಅವು ಸತ್ತರೆ ಇನ್ನೆರಡು ತಂದರಾಯಿತು. ಅಂಗಡಿಯವರು ಗಿರಾಕಿಗೆ ಇದನ್ನು ಹೇಳುತ್ತಾರೆ, ಗಿರಾಕಿ ಪಕ್ಕದ ಮನೆಯವರಿಗೆ ಹೇಳುತ್ತಾರೆ, ಅಪ್ಪ ಅಮ್ಮ ಮಕ್ಕಳಿಗೆ ಹೇಳುತ್ತಾರೆ. ಬ್ಯಾಂಕಿನ ಕೌಂಟರಿನಿಂದ ಹಿಡಿದು ದಂತವೈದ್ಯರ ಕ್ಲಿನಿಕ್ಕಿನವರೆಗೆ ಗಾಜಿನ ಬೋಗುಣಿಗಳು ಇದೇ ನಂಬಿಕೆಯ ಮೇಲೆ ಕೂತಿವೆ.

ಈ ಮಾತುಗಳಲ್ಲಿ ಒಂದೂ ನಿಜವಲ್ಲ. ನಿಜವಲ್ಲ ಎಂಬುದಕ್ಕಿಂತ ಹೆಚ್ಚಿಗೆ, ಇವು ಕ್ರೂರ. ಹತ್ತು ಲೀಟರಿನ ತೊಟ್ಟಿ ಮೀನಿನ ಜಾಗವೇ ಅಲ್ಲ. ಅದು ಸಿಗಡಿಗೆ, ಬಸವನಹುಳುವಿಗೆ ಮನೆಯಾಗಬಲ್ಲದು. ಆದರೆ ಅವನ್ನು ಆ ಮನೆಯ ಯಜಮಾನರೆಂದು ಬಗೆದು, ಅವುಗಳ ನೀರು, ಅವುಗಳ ಊಟ, ಅವುಗಳ ಆಯಸ್ಸು ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ. ಮೀನಿನ ಕೊಳೆ ತೊಳೆಯುವ ಆಳುಗಳೆಂದು ತಂದು ಸುರಿಯುವುದಾದರೆ ಆ ಗಾಜಿನ ಪಾತ್ರೆ ಖಾಲಿ ಇರುವುದೇ ಲೇಸು.

ಸುಲಭ ಎಂಬ ಮಾತನ್ನೇ ಮೊದಲು ಹಿಡಿಯೋಣ. ನೀರಿನಲ್ಲಿರುವ ಜೀವಿ ಉಣ್ಣುವುದೂ ಅಲ್ಲೇ, ವಿಸರ್ಜಿಸುವುದೂ ಅಲ್ಲೇ. ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದು ಕೊಳೆತ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಕೊಲ್ಲುವಂಥವು, ಮೂರನೆಯದು ಅಷ್ಟು ಕೇಡಿನದಲ್ಲ. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಮ್ಮಲ್ಲಿ ಆಗುವುದೇನು? ಸಂಜೆ ಬೋಗುಣಿ ಕೊಳ್ಳುತ್ತಾರೆ, ಅದೇ ಸಂಜೆ ಜೀವಿಗಳನ್ನೂ ಕೊಳ್ಳುತ್ತಾರೆ, ರಾತ್ರಿ ಎರಡನ್ನೂ ಒಂದುಗೂಡಿಸಿ ಫೋಟೊ ತೆಗೆಯುತ್ತಾರೆ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ನಾಲ್ಕು ಕಾಳು ಆಹಾರ ಹೆಚ್ಚು ಬಿದ್ದರೆ ಏನೂ ಆಗುವುದಿಲ್ಲ. ಐದು ಲೀಟರಿನಲ್ಲಿ ಅದೇ ನಾಲ್ಕು ಕಾಳು ಬೆಳಗಾಗುವುದರೊಳಗೆ ನೀರನ್ನು ವಿಷ ಮಾಡಬಲ್ಲದು. ದೊಡ್ಡ ತೊಟ್ಟಿ ಸಾಕುವವರ ತಪ್ಪನ್ನು ಮನ್ನಿಸುತ್ತದೆ, ಸಣ್ಣದು ಮನ್ನಿಸುವುದಿಲ್ಲ. ಬಿಸಿಲಿಗೂ ಇದೇ ಮಾತು. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಗಳಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ದಾಟುವಾಗ ಐದು ಲೀಟರು ನೀರು ಕೋಣೆಯ ಕಾವಿನೊಂದಿಗೇ ಏರುತ್ತದೆ, ಇಳಿಯುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಅಮೋನಿಯದ ವಿಷ ಹೆಚ್ಚು. ಹೊಸಬರಿಗೆ ಚಿಕ್ಕ ತೊಟ್ಟಿ ಎಂದು ಹೇಳುವವರು, ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವನ್ನು ಏನೂ ಅರಿಯದವರ ಕೈಗೆ, ಬಹುಮಟ್ಟಿಗೆ ಮಕ್ಕಳ ಕೈಗೆ, ಕೊಡುತ್ತಿದ್ದಾರೆ.

ಫೈಟರ್ ಮೀನು ಬೋಗುಣಿಯಲ್ಲಿ ಬದುಕುತ್ತದಲ್ಲ ಎಂದು ಕೇಳುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅದು ಬದುಕುವುದಕ್ಕೆ ಕಾರಣವಿದೆ. ಅದರ ತಲೆಯೊಳಗೆ ಕಿವಿರಿನ ಮೇಲ್ಗಡೆ ಗಾಳಿಯನ್ನೇ ಉಸಿರಾಡುವ ವಿಶೇಷ ಅಂಗವಿದೆ. ನೀರಿನಲ್ಲಿ ಆಮ್ಲಜನಕ ಮುಗಿದರೂ ಮೇಲೆ ಬಂದು ಗಾಳಿ ನುಂಗಿ ಜೀವ ಹಿಡಿದುಕೊಳ್ಳುತ್ತದೆ. ಬೇರೆ ಮೀನಾಗಿದ್ದರೆ ಮೂರು ದಿನದಲ್ಲಿ ಸಾಯುತ್ತಿತ್ತು. ಇದು ಮೂರು ತಿಂಗಳು ಸಾಯುತ್ತದೆ. ಬೇಗ ಸಾಯದಿರುವುದನ್ನು ಬದುಕು ಎಂದು ಕರೆಯುವುದಾದರೆ ನಮ್ಮ ಕರುಣೆಗೆ ಏನು ಬೆಲೆ? ಗೋಲ್ಡ್‌ಫಿಶ್ ಕಥೆ ಇದಕ್ಕಿಂತ ಘೋರ. ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬಾಳುವ, ಅಂಗೈಯನ್ನೂ ಮೀರಿ ಬೆಳೆಯುವ ಮೀನದು. ಅದನ್ನು ಬೋಗುಣಿಯಲ್ಲಿಡಬಾರದೆಂದು ರೋಮ್ ನಗರ 2005ರಲ್ಲೇ ನಿಷೇಧ ತಂದಿತು. ನಮ್ಮಲ್ಲಿ ಅದೇ ಬೋಗುಣಿಯನ್ನು ಹುಟ್ಟುಹಬ್ಬದ ಉಡುಗೊರೆಯೆಂದು ರಿಬ್ಬನ್ ಕಟ್ಟಿ ಕೊಡುತ್ತಾರೆ.

ಇದಕ್ಕೆಲ್ಲ ವಾಸ್ತುವಿನ ಹೆಸರೂ ಸೇರಿಕೊಂಡಿದೆ. ಈಶಾನ್ಯದಲ್ಲಿ ಮೀನಿನ ತೊಟ್ಟಿ ಇಟ್ಟರೆ ಶುಭ, ಮೀನು ಸತ್ತರೆ ಮನೆಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಎಳೆದುಕೊಂಡಿತು ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲೇ ಕೇಳುತ್ತೇವೆ. ಇದಕ್ಕಿಂತ ಅನುಕೂಲದ ನಂಬಿಕೆ ಇನ್ನೊಂದಿಲ್ಲ. ಅಮೋನಿಯದಿಂದ ಕಿವಿರು ಸುಟ್ಟು ಸತ್ತ ಮೀನಿನ ಸಾವಿಗೆ ನಾವು ಹೊಣೆಯಲ್ಲ, ಅದು ನಮಗಾಗಿ ಪ್ರಾಣ ಕೊಟ್ಟಿತು! ತಪ್ಪು ತಿದ್ದಿಕೊಳ್ಳುವ ದಾರಿಯೇ ಅಲ್ಲಿಗೆ ಮುಚ್ಚಿಹೋಗುತ್ತದೆ. ಮುಂದಿನ ವಾರ ಇನ್ನೊಂದು ಮೀನು ಬರುತ್ತದೆ, ಅದೂ ಇನ್ನೊಂದು ಕಂಟಕ ತೆಗೆದುಕೊಂಡು ಹೋಗುತ್ತದೆ.

ಮೀನಿಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ ಎಂಬ ವಾದಕ್ಕೆ ತೂಕವಿದೆ, ಡೆಂಗಿಯನ್ನು ಕಂಡ ಊರು ನಮ್ಮದು. ಈಡಿಸ್ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ಒಂದೂವರೆ ವಾರದೊಳಗೆ ಮರಿ ರೆಕ್ಕೆ ಬಲಿತು ಹಾರುತ್ತದೆ. ಸಿಗಡಿಯನ್ನು ನೆಚ್ಚಿಕೊಂಡರೆ ಅದು ಲಾರ್ವಗಳನ್ನು ಹಿಡಿದು ಮುಗಿಸುವುದಿಲ್ಲ ಎಂಬುದೂ ನಿಜ. ಇದಕ್ಕೆ ಮದ್ದು ಬಲು ಸರಳ. ತೊಟ್ಟಿಯ ಬಾಯಿಗೆ ಸೊಳ್ಳೆ ಪರದೆಯ ಒಂದು ತುಂಡು ಬಿಗಿಯಿರಿ, ಏರ್ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಹಾಕಿ ನೀರಿನ ಮೇಲ್ಮೈ ಸದಾ ಕದಲುತ್ತಿರುವಂತೆ ಮಾಡಿ. ಒಂದು ಗೇಣು ಬಟ್ಟೆ ಮಾಡುವ ಕೆಲಸಕ್ಕೆ ಒಂದು ಜೀವವನ್ನು ಸೆರೆಯಲ್ಲಿಡುವುದು ಯಾವ ನ್ಯಾಯ?

ಇನ್ನು ‘ಕ್ಲೀನರ್’ ಎಂಬ ಪಟ್ಟ. ನನ್ನ ಮುಖ್ಯ ತಕರಾರು ಇದರ ಮೇಲೆಯೇ. ಯಾವ ಅಕ್ವೇರಿಯಂ ಅಂಗಡಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: “ಸಾರ್, ಇವನ್ನ ಬಿಟ್ಬಿಡಿ, ನೀರು ಚೇಂಜ್ ಮಾಡೋ ತಲೆನೋವೇ ಇರಲ್ಲ. ಎಲ್ಲ ಇವೇ ಕ್ಲೀನ್ ಮಾಡ್ತಾವೆ.” ಬಸವನಹುಳು ಪಾಚಿ ತಿನ್ನುತ್ತದೆ, ಸರಿ. ತಿಂದದ್ದು ಎಲ್ಲಿಗೆ ಹೋಯಿತು? ಅದರ ಹೊಟ್ಟೆಯಿಂದ ಅದೇ ನೀರಿಗೆ ಬಂತು. ಗಾಜಿನ ಮೇಲೆ ಹಸಿರಾಗಿ ಕಾಣುತ್ತಿದ್ದ ಸಾರಜನಕ ಈಗ ತಳದಲ್ಲಿ ಕಪ್ಪು ಹಿಕ್ಕೆಯಾಗಿ ಕೂತಿದೆ, ಅಷ್ಟೇ ವ್ಯತ್ಯಾಸ. ಅದು ತೊಟ್ಟಿಯಿಂದ ಆಚೆ ಹೋಗಬೇಕಾದರೆ ನೀವು ನೀರು ತೆಗೆದು ಹೊಸ ನೀರು ಹಾಕಬೇಕು, ಇಲ್ಲವೇ ಅದನ್ನು ಹೀರಿ ಬೆಳೆದ ಗಿಡವನ್ನು ಕತ್ತರಿಸಿ ಹೊರಗೆಸೆಯಬೇಕು. ಸಿಗಡಿಯನ್ನೂ ಬಸವನಹುಳುವನ್ನೂ ಸೇರಿಸಿದಾಗ ತೊಟ್ಟಿಯ ಹೊರೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಇಷ್ಟು ಸರಳ ಲೆಕ್ಕ ಮಾರುವವರಿಗೆ ಗೊತ್ತಿಲ್ಲವೆಂದರೆ ಅವರು ಮಾರಬಾರದು. ಗೊತ್ತಿದ್ದೂ ಹೇಳದಿದ್ದರೆ ಅದು ಮೋಸ.

ಈ ತಪ್ಪು ತಿಳಿವಳಿಕೆಗೆ ನೂರೆಪ್ಪತ್ತು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯ ಎಂಬ ನೀರುಗಿಡ ಇಟ್ಟು ನೋಡಿದ. ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡತೊಡಗಿತು. ಆಗ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ, ನೀರು ತಿಳಿಯಾಯಿತು. 1850ರಲ್ಲಿ ಅವನು ಇದನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಇಂದಿನ ಅಕ್ವೇರಿಯಂ ವಿದ್ಯೆಗೆ ತಳಪಾಯ ಬಿದ್ದದ್ದು ಈ ಪ್ರಯೋಗದಿಂದ. ಅವನು ತೋರಿಸಿದ್ದು ಒಂದು ಸುತ್ತನ್ನು: ಹುಳು ಕೊಳೆತ ಎಲೆ ತಿನ್ನುತ್ತದೆ, ಹುಳುವಿನ ಹಿಕ್ಕೆ ಗಿಡಕ್ಕೆ ಗೊಬ್ಬರವಾಗುತ್ತದೆ, ಗಿಡ ಆಮ್ಲಜನಕ ಕೊಡುತ್ತದೆ, ಹುಳುವಿನ ಮೊಟ್ಟೆ, ಮರಿ ಮೀನಿಗೆ ಆಹಾರವಾಗುತ್ತವೆ. ಆ ಸುತ್ತಿನಿಂದ ಗಿಡವನ್ನು ಕಿತ್ತೆಸೆದು, ಅದರ ಜಾಗದಲ್ಲಿ ಪ್ಲಾಸ್ಟಿಕ್ ಗಿಡ ಮತ್ತು ಬಣ್ಣದ ಜಲ್ಲಿ ತುಂಬಿ, ಹುಳುವನ್ನು ಮಾತ್ರ ಉಳಿಸಿಕೊಂಡು ‘ಕ್ಲೀನರ್’ ಎಂದು ಹೆಸರಿಟ್ಟವರು ನಾವು.

ಪಾಚಿ ಮುಗಿದ ಮೇಲೆ ಆ ಜೀವಿಗಳು ಏನು ತಿನ್ನಬೇಕು? ಇದನ್ನು ಯಾರೂ ಕೇಳುವುದಿಲ್ಲ. ಪಾಚಿ ತಿನ್ನುವ ನೆರೈಟ್ ಬಸವನಹುಳುವನ್ನು ತಿಕ್ಕಿ ತೊಳೆದ ಬೋಗುಣಿಯಲ್ಲಿ ಬಿಟ್ಟರೆ ಅದು ಹಸಿವಿನಿಂದ ಸಾಯುತ್ತದೆ. ಮೇಲೆ ಚಿಪ್ಪು ಇರುವುದರಿಂದ ಸತ್ತದ್ದು ಗೊತ್ತಾಗುವುದೂ ಇಲ್ಲ, ನೀರು ನಾತ ಹೊಡೆದಾಗಲೇ ಗೊತ್ತು.

ಮೀನಿನ ಕಾಟವಿಲ್ಲದ, ಗಿಡ ತುಂಬಿದ, ಹಳತಾದ ಸಣ್ಣ ತೊಟ್ಟಿಯೊಂದರ ಮುಂದೆ ಕೂತು ಚೆರ್ರಿ ಸಿಗಡಿಯನ್ನು ನೋಡಿ. ತೈವಾನ್ ಮತ್ತು ಪೂರ್ವ ಚೀನಾ ಕಡೆಯ ಹೊಳೆಗಳ ಜೀವಿ ಇದು. ನಿಸರ್ಗದಲ್ಲಿ ಮಣ್ಣಿನ ಬಣ್ಣ, ಸಾಕುವವರು ಆರಿಸಿ ಆರಿಸಿ ಬೆಳೆಸಿ ಕೆಂಪು ಮಾಡಿದ್ದಾರೆ. ಬಲಿತ ಹೆಣ್ಣು ಒಂದು ಅಂಗುಲದಷ್ಟು. ಒಣಗಿದ ಕಾಡುಬಾದಾಮಿ ಎಲೆಯ ಮೇಲೆ ಕೂತು ಅದು ಮುಂಗಾಲುಗಳನ್ನು ಒಂದಾದ ಮೇಲೊಂದರಂತೆ ಆಡಿಸುತ್ತದೆ. ಆ ಕಾಲ ತುದಿಗಳಲ್ಲಿ ಕೂದಲಿನ ಕುಚ್ಚಿದೆ. ಅದರಿಂದ ಎಲೆಯ ಮೇಲಿನ ಲೋಳೆಪದರವನ್ನು ಕೆರೆದು ಬಾಯಿಗಿಡುತ್ತದೆ, ಎಡಗೈ ಬಾಯಲ್ಲಿದ್ದಾಗ ಬಲಗೈ ಎಲೆಯ ಮೇಲೆ. ನಿಮಿಷಗಟ್ಟಲೆ ಈ ಕೆಲಸ ನಿಲ್ಲುವುದಿಲ್ಲ. ಅವು ನಮ್ಮ ಗಾಜು ಒರೆಸುತ್ತಿಲ್ಲ, ಉಣ್ಣುತ್ತಿವೆ. ಹೆಣ್ಣಿನ ಬೆನ್ನ ಮೇಲೆ ಹಳದಿ ಮಚ್ಚೆಯಾಗಿ ಮೊದಲು ಕಾಣುವ ಮೊಟ್ಟೆಗಳು ಆಮೇಲೆ ಹೊಟ್ಟೆಯಡಿಗೆ ಬರುತ್ತವೆ, ಇಪ್ಪತ್ತು ಮೂವತ್ತು. ಮೂರರಿಂದ ನಾಲ್ಕು ವಾರ ಅವನ್ನು ಹೊತ್ತು ತಿರುಗುತ್ತದೆ, ಈಜುಗಾಲುಗಳಿಂದ ಬೀಸಿ ಬೀಸಿ ನೀರಾಡಿಸುತ್ತದೆ. ಒಡೆದು ಬರುವ ಮರಿ ತಾಯಿಯ ಪ್ರತಿರೂಪ, ಅಕ್ಕಿನುಚ್ಚಿಗಿಂತ ಚಿಕ್ಕದು.

ಬೆಳೆಯಬೇಕಾದರೆ ಸಿಗಡಿ ಹಾವಿನಂತೆ ಪೊರೆ ಬಿಡಬೇಕು. ಬೆನ್ನು ಬಿರಿದು ಮೈಯನ್ನು ಒಂದೇ ಜಗ್ಗಿಗೆ ಹೊರಗೆಳೆದುಕೊಳ್ಳುತ್ತದೆ. ಮೀಸೆ, ಕಾಲು, ಕಣ್ಣಿನ ಮುಚ್ಚಳದ ಸಮೇತ ಪಾರದರ್ಶಕ ಪೊರೆ ತಳದಲ್ಲಿ ಬಿದ್ದಿರುತ್ತದೆ. ಹೊಸ ಮೈ ಮೆತ್ತಗಿರುವಷ್ಟು ಹೊತ್ತು ಜೀವಿ ಗಿಡದ ಸಂದಿಯಲ್ಲಿ ಅಡಗುತ್ತದೆ. ಆ ಸಂದಿಯೇ ಇಲ್ಲದ ಬೋಗುಣಿಯಲ್ಲಿ, ಪಕ್ಕದಲ್ಲಿ ಫೈಟರ್ ಮೀನು ಇರುವಾಗ, ಆ ಘಳಿಗೆ ಹೇಗಿರುತ್ತದೆಂದು ಯೋಚಿಸಿ. ಪೊರೆಯಲ್ಲಿ ಸುಣ್ಣದ ಅಂಶ ಇರುವುದರಿಂದ ಸಿಗಡಿ ಅದನ್ನು ತಾನೇ ತಿನ್ನುವುದುಂಟು. ನಮ್ಮವರು ಅದನ್ನು ಹೆಣವೆಂದು ತಿಳಿದು ಎತ್ತಿ ಎಸೆಯುತ್ತಾರೆ.

ಇವಕ್ಕೆ ನೋವಾಗುತ್ತದೆಯೇ ಎಂದು ಕೇಳಿದರೆ ನಗುವವರಿದ್ದಾರೆ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್‌ವುಡ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಗಡಿಯ ಒಂದು ಮೀಸೆಗೆ ಅಸಿಟಿಕ್ ಆಮ್ಲ ತಾಗಿಸಿದಾಗ ಅದು ಆ ಮೀಸೆಯನ್ನೇ ಬಹಳ ಹೊತ್ತು ನೇವರಿಸಿಕೊಂಡಿತು, ಗಾಜಿಗೆ ಉಜ್ಜಿತು. ಅರಿವಳಿಕೆ ಹಚ್ಚಿದಾಗ ಆ ಉಜ್ಜುವಿಕೆ ತಗ್ಗಿತು. ಇಂಥ ಅಧ್ಯಯನಗಳನ್ನೆಲ್ಲ ತೂಗಿ ನೋಡಿದ ಮೇಲೆ ಬ್ರಿಟನ್ 2022ರ ಕಾನೂನಿನಲ್ಲಿ ಸಿಗಡಿ, ಏಡಿಗಳಿರುವ ದಶಪಾದಿಗಳ ಗುಂಪನ್ನು ಸಂವೇದನೆಯುಳ್ಳ ಜೀವಿಗಳೆಂದು ಒಪ್ಪಿಕೊಂಡಿತು. ನಾವು ಅಲ್ಲಿಂದ ಕಲಿಯಬೇಕಾದ್ದೂ ಇಲ್ಲ. ನಮ್ಮದೇ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಯಾವ ಜೀವಿಯೂ ಪ್ರಾಣಿಯೇ. ಚಲಿಸಲು ಸಾಕಷ್ಟು ಉದ್ದಗಲ ಎತ್ತರವಿಲ್ಲದ ಪಂಜರದಲ್ಲಿ ಅಥವಾ ಪಾತ್ರೆಯಲ್ಲಿ ಪ್ರಾಣಿಯನ್ನು ಕೂಡಿಹಾಕುವುದು ಅದೇ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಇಂದು ಐವತ್ತು ರೂಪಾಯಿಗೆ ಒಂದು ಮಸಾಲೆ ದೋಸೆ ಸಿಗುವುದೂ ಕಷ್ಟ. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮ ಹೊರಡಿಸಿತು, ವ್ಯಾಪಾರಿಗಳು ವಿರೋಧಿಸಿದರು, ನಿಯಮ ವಾಪಸ್ಸಾಯಿತು. ಆ ನಿಯಮದಲ್ಲಿ ದೋಷಗಳಿದ್ದರೆ ತಿದ್ದಬೇಕಿತ್ತು. ಪೂರ್ತಿ ಕೈಬಿಟ್ಟದ್ದರಿಂದ ಲಾಭವಾದದ್ದು ಯಾರಿಗೆ?

ಅಂಗಡಿಗಳಲ್ಲಿ ಸಣ್ಣ ತೊಟ್ಟಿಗೆಂದು ಮಾರುವ ಅಕಶೇರುಕಗಳನ್ನು ನೋಡಿದರೆ ಸಿಟ್ಟು ಇನ್ನೂ ಏರುತ್ತದೆ. ಬಿದಿರು ಸಿಗಡಿ ಹರಿವಿನಲ್ಲಿ ಕೈಬೀಸಣಿಗೆ ಬಿಚ್ಚಿ, ತೇಲಿ ಬರುವ ಕಣಗಳನ್ನು ಸೋಸಿ ತಿನ್ನುವ ಜೀವಿ. ನಿಂತ ನೀರಿನ ಹತ್ತು ಲೀಟರಿನಲ್ಲಿ ಅದಕ್ಕೆ ಉಪವಾಸವೇ ಗತಿ. ಸಿಹಿನೀರಿನ ಕಪ್ಪೆಚಿಪ್ಪೂ ಸೋಸಿ ತಿನ್ನುವುದೇ, ಅದು ಮರಳಿನೊಳಗೆ ಸದ್ದಿಲ್ಲದೆ ಸತ್ತು ಒಂದೇ ದಿನದಲ್ಲಿ ಉಳಿದವರನ್ನೆಲ್ಲ ಕರೆದೊಯ್ಯುತ್ತದೆ. ಜಪಾನಿನ ತಕಾಶಿ ಅಮಾನೊ ಜನಪ್ರಿಯಗೊಳಿಸಿದ ಅಮಾನೊ ಸಿಗಡಿ ಎರಡು ಅಂಗುಲ ಬೆಳೆಯುತ್ತದೆ, ಅದರ ಲಾರ್ವ ಉಪ್ಪುನೀರಿಲ್ಲದೆ ಬೆಳೆಯದು. ಆದ್ದರಿಂದ ಅಂಗಡಿಗೆ ಬರುವ ಬಹುಪಾಲು ಅಮಾನೊಗಳು ಹೊಳೆಯಿಂದ ಹಿಡಿದವೇ. ಕ್ರೇಫಿಶ್ ಅಂತೂ ಗಿಡ, ಬಸವನಹುಳು, ಸಿಗಡಿ ಯಾವುದನ್ನೂ ಬಿಡುವುದಿಲ್ಲ. ಮುಚ್ಚಿದ ಗಾಜಿನ ಗೋಳದಲ್ಲಿ ಕೆಂಪು ಸಿಗಡಿ ಇಟ್ಟು ‘ತನ್ನಷ್ಟಕ್ಕೆ ತಾನೇ ನಡೆಯುವ ಲೋಕ’ ಎಂದು ಮಾರುವವರೂ ಇದ್ದಾರೆ. ಅವು ಹವಾಯಿ ದ್ವೀಪಗಳ ಉಪ್ಪೊಗರು ನೀರಿನ ಕೊಳಗಳ ಜೀವಿಗಳು, ಹತ್ತು ವರ್ಷಕ್ಕೂ ಮೀರಿ ಬಾಳಬಲ್ಲವು. ಗೋಳದೊಳಗೆ ಅವು ಬಾಳುತ್ತಿಲ್ಲ, ಹಸಿವಿನಲ್ಲಿ ನಿಧಾನವಾಗಿ ಕುಗ್ಗುತ್ತಿವೆ.

ಸರಿಯಾದ ಜೀವಿಯನ್ನೇ ತಂದರೂ ನಮ್ಮ ಮನೆಯ ನೀರು ಅದನ್ನು ಕೊಲ್ಲಬಲ್ಲದು, ಇದನ್ನು ಹೇಳಿ ಮಾರುವ ಅಂಗಡಿ ಅಪರೂಪ. ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಕ್ಲೋರಿನ್ ಹೊತ್ತು ಬರುತ್ತದೆ. ನಲ್ಲಿಯಿಂದ ನೇರ ಸುರಿದರೆ ಆ ಕ್ಲೋರಿನ್ ಕಿವಿರನ್ನೂ ಸುಡುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಕ್ಲೋರಿನ್ ತೆಗೆಯುವ ದ್ರಾವಣದ ಎರಡು ಹನಿ ಸಾಕು, ಅದನ್ನು ಹೇಳುವವರಿಲ್ಲ. ಬೋರ್‌ವೆಲ್ ನೀರು ಹಲವು ಬಡಾವಣೆಗಳಲ್ಲಿ ಎಷ್ಟು ಗಡುಸೆಂದರೆ ಪಾತ್ರೆಯಲ್ಲಿ ಬಿಳಿ ಕಟ್ಟುತ್ತದೆ. ಅದಕ್ಕೆ ಹೆದರಿ ಕುಡಿಯುವ ಆರ್‌ಒ ನೀರು ಹಾಕಿದರೆ ಎದುರು ಬದಿಯ ಆಪತ್ತು: ಅದರಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಬಸವನಹುಳುವಿನ ಚಿಪ್ಪು ಸವೆದು ತೂತು ಬೀಳುತ್ತದೆ, ಸಿಗಡಿ ಪೊರೆ ಬಿಡಲಾಗದೆ ಅರ್ಧದಲ್ಲೇ ಸಾಯುತ್ತದೆ. ಆವಿಯಾದ ನೀರನ್ನು ತುಂಬಲು ಮತ್ತೆ ಮತ್ತೆ ಬೋರ್ ನೀರನ್ನೇ ಹಾಕುತ್ತ ಹೋದರೆ ಲವಣ ದಿನೇ ದಿನೇ ದಟ್ಟವಾಗುತ್ತದೆ, ಯಾಕೆಂದರೆ ಆವಿಯಾಗುವುದು ನೀರು ಮಾತ್ರ.

ತಾಮ್ರದ ವಿಷಯ ಇನ್ನೂ ಗಂಭೀರ. ರಾತ್ರಿ ತಾಮ್ರದ ಬಿಂದಿಗೆಯಲ್ಲಿಟ್ಟ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಕುಡಿಯುವ ಮನೆಗಳಲ್ಲಿ ಅದೇ ನೀರನ್ನು ಪ್ರೀತಿಯಿಂದ ತೊಟ್ಟಿಗೂ ಹಾಕುವವರಿದ್ದಾರೆ. ಮನುಷ್ಯನಿಗೆ ಲೆಕ್ಕಕ್ಕೇ ಬಾರದ ಅಷ್ಟು ತಾಮ್ರ ಸಿಗಡಿಗೆ, ಬಸವನಹುಳುವಿಗೆ ಪ್ರಾಣಾಂತಿಕವಾಗಬಲ್ಲದು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಕೆಲವು ಔಷಧಿಗಳಲ್ಲಿ ಇರುವುದೂ ತಾಮ್ರದ ಲವಣವಾದ ಮೈಲುತುತ್ತವೇ, ಅಡಿಕೆಯ ಕೊಳೆರೋಗಕ್ಕೆ ಮಲೆನಾಡಿನಲ್ಲಿ ಬೋರ್ಡೋ ದ್ರಾವಣ ಮಾಡಲು ಬಳಸುವ ಅದೇ ಮೈಲುತುತ್ತ. ಮೀನಿಗೆ ಮದ್ದು, ಪಕ್ಕದ ಸಿಗಡಿಗೆ ಮರಣ. ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ದ್ರಾವಣ, ಜಿರಲೆಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಪೈರಿತ್ರಾಯಿಡ್ ಕೀಟಗಳನ್ನು ಕೊಲ್ಲಲೆಂದೇ ಮಾಡಿದ್ದು. ಸಿಗಡಿ ಕೀಟಗಳ ಹತ್ತಿರದ ನೆಂಟ. ಮುಚ್ಚಳವಿಲ್ಲದ ತೊಟ್ಟಿಯ ಏರ್ ಪಂಪ್ ಕೋಣೆಯ ಅದೇ ಗಾಳಿಯನ್ನು ನೀರಿಗೆ ಊದುತ್ತಿರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಎಲ್ಲ ಸಿಗಡಿಗಳೂ ಅಡ್ಡಬಿದ್ದಿರುತ್ತವೆ. ಮನೆಯವರು ‘ಇವು ಬಾಳಿಕೆ ಬರಲ್ಲ’ ಎಂದು ತೀರ್ಪು ಕೊಡುತ್ತಾರೆ.

ಬೇಸತ್ತವರು ಮಾಡುವ ಕೊನೆಯ ಕೆಲಸ ಎಲ್ಲಕ್ಕಿಂತ ಕೆಟ್ಟದ್ದು. ತೊಟ್ಟಿಯನ್ನು ಹತ್ತಿರದ ಕೆರೆಗೆ ಸುರಿಯುತ್ತಾರೆ, ಪುಣ್ಯ ಬಂತೆಂದು ಮನೆಗೆ ಹೋಗುತ್ತಾರೆ. ‘ಟ್ಯಾಂಕ್ ಕ್ಲೀನರ್’ ಎಂದೇ ಬೆರಳುದ್ದದ ಮರಿಯಾಗಿ ಮಾರಾಟವಾಗುವ ಸಕ್ಕರ್ ಮೀನು ಒಂದೂವರೆ ಅಡಿ ಬೆಳೆಯುತ್ತದೆ. ಹೀಗೆ ಬಿಟ್ಟ ಮೀನುಗಳೇ ಇಂದು ದಕ್ಷಿಣ ಭಾರತದ ಕೆರೆ ಹೊಳೆಗಳಲ್ಲಿ ಸಂಸಾರ ಹೂಡಿ, ಮೀನುಗಾರರ ಬಲೆ ಹರಿಯುತ್ತಿವೆ. 1995ರ ಸುಮಾರಿಗೆ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ ಕಾಣಿಸಿಕೊಂಡ ಮಾರ್ಬಲ್ಡ್ ಕ್ರೇಫಿಶ್ ಗಂಡಿಲ್ಲದೆಯೇ ಮರಿ ಮಾಡುತ್ತದೆ, ಒಂದನ್ನು ಬಿಟ್ಟರೂ ಒಂದು ವಂಶ. ಅದು ಮಡಗಾಸ್ಕರಿನ ಗದ್ದೆ, ಹೊಳೆಗಳಲ್ಲೆಲ್ಲ ಹಬ್ಬಿದೆ. ಹೊರಗಿನ ಬಸವನಹುಳು ಏನು ಮಾಡಬಲ್ಲದೆಂದು ಕೊಡಗಿನವರನ್ನು ಕೇಳಿ. 1847ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್ಸಿನಿಂದ ತಂದು ಕೋಲ್ಕತ್ತಾದ ತೋಟದಲ್ಲಿ ಬಿಟ್ಟ ಆಫ್ರಿಕನ್ ದೈತ್ಯ ಬಸವನಹುಳು ಇಂದು ಶನಿವಾರಸಂತೆ ಕಡೆಯ ಕಾಫಿ ಗಿಡಗಳನ್ನು ಬೋಳಿಸುತ್ತಿದೆ. ಅದು ನೆಲದ ಹುಳು ನಿಜ, ಆದರೆ ಬಿಟ್ಟ ಕೈ ಒಂದೇ ಬಗೆಯದು.

ಇದರ ಮಗ್ಗುಲು ತಿರುವಿ ಕೆರೆಯಿಂದ ಹುಳು ಹಿಡಿದು ತರುವವರಿಗೂ ಒಂದು ಮಾತು. ನಮ್ಮ ಕೆರೆಗಳ ಕೆಲವು ಬಸವನಹುಳುಗಳು ದನಗಳ ಯಕೃತ್ತಿನ ಹುಳುವಿಗೆ, ಮೂಗಿನಲ್ಲಿ ಗೊರಗೊರ ಸದ್ದು ಬರಿಸುವ ರೋಗದ ಹುಳುವಿಗೆ ಆಸರೆ ಕೊಡುವಂಥವು, ಅಂಥ ನೀರಿನಲ್ಲಿ ಕೈಯಾಡಿಸಿದವರಿಗೆ ಚರ್ಮದ ತುರಿಕೆಯೂ ಬರಬಹುದು. ಮಕ್ಕಳ ಕೈಗೆ ಅವನ್ನು ಕೊಡಬೇಡಿ.

ಹಾಗಾದರೆ ಸಣ್ಣ ತೊಟ್ಟಿಯೇ ಬೇಡವೇ? ಬೇಕು, ಅದರ ಕ್ರಮದಲ್ಲಿ. ಹತ್ತು ಲೀಟರಿಗೆ ಕಡಿಮೆ ಇದ್ದರೆ ಎರಡು ಮೂರು ರಾಮ್ಸ್‌ಹಾರ್ನ್ ಬಸವನಹುಳು ಮತ್ತು ಗಿಡ, ಅಷ್ಟಕ್ಕೆ ನಿಲ್ಲಿಸಿ. ಹತ್ತರಿಂದ ಇಪ್ಪತ್ತು ಲೀಟರಿದ್ದರೆ ಎಂಟು ಹತ್ತು ಚೆರ್ರಿ ಸಿಗಡಿ, ಜೊತೆಗೆ ಅದೇ ಬಸವನಹುಳು. ಮೀನು ಬೇಡವೇ ಬೇಡ. ನಾಲ್ಕೈದು ವಾರ ಮೊದಲೇ ತೊಟ್ಟಿಗೆ ನೀರು, ಜಾವಾ ಮಾಸ್ ಎಂಬ ನೀರುಗಿಡ, ಸ್ಪಂಜ್ ಫಿಲ್ಟರ್ ಹಾಕಿ ಪಳಗಿಸಿ. ಗಾಜಿನ ಹಿಂಬದಿಯ ಪಾಚಿಯನ್ನು ಉಜ್ಜಬೇಡಿ, ಅದು ಊಟ. ಮಾಸ್ ಜೊತೆ ಬರುವ ನೀರು ಚಿಗಟಗಳನ್ನು ಕಂಡು ಗಾಬರಿಯಾಗಿ ನೀರು ಚೆಲ್ಲಬೇಡಿ, ಅವು ತೊಟ್ಟಿ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ. ತಂದ ಸಿಗಡಿಯನ್ನು ದೊಪ್ಪೆಂದು ಸುರಿಯದೆ, ಸಣ್ಣ ಪೈಪಿಗೆ ಗಂಟು ಹಾಕಿ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಒಂದೆರಡು ಗಂಟೆ ಅವುಗಳ ಪಾತ್ರೆಗೆ ಇಳಿಸಿ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿ, ಒಮ್ಮೆಗೇ ಅರ್ಧ ಬದಲಿಸಿದರೆ ಸಿಗಡಿ ಅಕಾಲದಲ್ಲಿ ಪೊರೆ ಬಿಟ್ಟು ಸಾಯುತ್ತದೆ. ಸುಣ್ಣ ಸಾಲದಿದ್ದರೆ ಹಕ್ಕಿ ಸಾಕುವವರಿಗೆ ಮಾರುವ ಕಡಲನೊರೆಯ ಒಂದು ಚೂರು ಹಾಕಿ. ಬಸವನಹುಳು ವಿಪರೀತ ಹೆಚ್ಚಿದರೆ ಬೈಯಬೇಕಾದ್ದು ಹುಳುವನ್ನಲ್ಲ, ಹೆಚ್ಚು ಆಹಾರ ಹಾಕಿದ ಕೈಯನ್ನು.

ಅಂಗಡಿಯವರೇ, ಬೋಗುಣಿಯನ್ನು ಮೀನಿನೊಂದಿಗೆ ಮಾರುವುದನ್ನು ನಿಲ್ಲಿಸಿ. ತೊಟ್ಟಿ ಮಾರಿದ ದಿನವೇ ಜೀವಿಗಳನ್ನು ಮಾರಬೇಡಿ, ಒಂದು ತಿಂಗಳು ಬಿಟ್ಟು ಬನ್ನಿ ಎಂದು ಹೇಳುವ ಧೈರ್ಯ ಮಾಡಿ. ಮೀನುಗಾರಿಕೆ ಇಲಾಖೆ ಅಲಂಕಾರಿಕ ಮೀನು ಸಾಕಣೆಗೆ ಉತ್ತೇಜನ ಕೊಡುವಾಗ ಮಾರಾಟಕ್ಕೂ ಒಂದು ಕನಿಷ್ಠ ನಿಯಮ ಬರೆಯಲಿ: ಇಷ್ಟು ಲೀಟರಿಗೆ ಕಡಿಮೆ ಇದ್ದರೆ ಮೀನು ಕೊಡುವಂತಿಲ್ಲ, ಬೆಳೆದಾಗ ಎಷ್ಟಾಗುತ್ತದೆ ಎಂಬ ಚೀಟಿ ಕನ್ನಡದಲ್ಲಿ ತೊಟ್ಟಿಯ ಮೇಲೆ ಇರಬೇಕು. ಐವತ್ತು ರೂಪಾಯಿಯ ದಂಡವನ್ನು ಸಂಸತ್ತು ಈ ಕಾಲಕ್ಕೆ ತಕ್ಕಂತೆ ತಿದ್ದಲಿ. ಶಾಲೆಗಳು ಉಡುಗೊರೆಯಾಗಿ ಬಂದ ಬೋಗುಣಿಗಳನ್ನು ವಾಪಸ್ ಕಳಿಸಲಿ. ಅಪ್ಪ ಅಮ್ಮಂದಿರೇ, ಮಗು ಹಟ ಮಾಡಿದರೆ ಮೊದಲ ತಿಂಗಳು ಬರೀ ನೀರು ಮತ್ತು ಗಿಡ ಕೊಡಿ. ಆ ಒಂದು ತಿಂಗಳು ಕಾಯಲಾರದ ಮನೆ ಜೀವಿಗಳನ್ನು ಸಾಕಲು ತಯಾರಾಗಿಲ್ಲ. ಅಂಥ ಮನೆಗೆ ಸಿಗಡಿಯನ್ನೂ ತರಬೇಡಿ, ಬಸವನಹುಳುವನ್ನೂ ತರಬೇಡಿ.